ಬೀಗ ಹಾಕಿದ ಅಕ್ಷರ ನಮ್ಮದಲ್ಲ!

ಯುವ ಕನ್ನಡಿಗರೇ,

ಅಕ್ಟೋಬರ್ ಮುಗಿಯುತ್ತ ಬಂತೆಂದರೆ ರಾಜಾಜಿನಗರದ ನನ್ನ ಪ್ರೆಸ್ಸಿನಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ವಿಜಯನಗರದ ಹುಡುಗರು, ಬಸವೇಶ್ವರನಗರದ ಹುಡುಗರು, ಕೆಂಗೇರಿ ಉಪನಗರದ ಹುಡುಗರು ಕರಪತ್ರ, ಭಿತ್ತಿಪತ್ರ, ರಸೀದಿ ಪುಸ್ತಕ ಅಂತ ಸಾಲುಗಟ್ಟಿ ಬರುತ್ತಾರೆ. ಬರಲಿ, ಸಂತೋಷ. ರಾಜ್ಯೋತ್ಸವ ನನಗೆ ಹಬ್ಬವೂ ಹೌದು, ಅನ್ನವೂ ಹೌದು. ಆದರೆ ಬಂದವರನ್ನೆಲ್ಲ ನಾನೊಂದು ಪ್ರಶ್ನೆ ಕೇಳುತ್ತೇನೆ. ಅದನ್ನೇ ಇವತ್ತು ನಿಮ್ಮನ್ನೂ ಕೇಳುತ್ತಿದ್ದೇನೆ.

ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಿಮ್ಮ ಕಣ್ಣಿಗೆ ತಕ್ಷಣ ಬೀಳುತ್ತದೆ, ಸಿಟ್ಟು ಬರುತ್ತದೆ. ಬರಲೇಬೇಕು. ಆದರೆ ನಿಮ್ಮ ಜೇಬಿನಲ್ಲಿರುವ ಫೋನು ಕನ್ನಡದ ಒಂದು ಒತ್ತಕ್ಷರವನ್ನು ಹೇಗೆ ಬರೆಯುತ್ತದೆ? ಅದಕ್ಕೆ ಬರೆಯಲು ಕಲಿಸಿದವರು ಯಾರು? ಕಲಿಸಿದ್ದಕ್ಕೆ ನಿಮ್ಮಿಂದ ಎಷ್ಟು ಕಾಸು ಪಡೆದರು? ನಾಳೆ ಅವರು ಬಾಗಿಲು ಹಾಕಿಕೊಂಡರೆ ನಮ್ಮ ಗತಿಯೇನು? ಇದನ್ನು ಒಂದು ದಿನವಾದರೂ ಯೋಚಿಸಿದ್ದೀರಾ?

ನಾನು ಪಿಯುಸಿಗೆ ಓದು ನಿಲ್ಲಿಸಿದವನು. ಕಂಪ್ಯೂಟರ್ ಶಾಸ್ತ್ರ ನನಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಅಕ್ಷರ ನಮ್ಮ ಮನೆಯ ಕಸುಬು. ನಮ್ಮ ತಂದೆಯವರು ಟ್ರೆಡಲ್ ಮೆಷಿನ್ ಇಟ್ಟುಕೊಂಡಿದ್ದರು. 1982ರ ಗೋಕಾಕ್ ಚಳವಳಿಯ ಹೊತ್ತಿಗೆ ನನಗೆ ಮೂರು ವರ್ಷ. ಡಾ. ರಾಜ್‌ಕುಮಾರ್ ಬೀದಿಗಿಳಿದ ಆ ದಿನಗಳಲ್ಲಿ ಅಪ್ಪ ರಾತ್ರಿಯೆಲ್ಲ ಟ್ರೆಡಲ್ ತುಳಿದು ಕರಪತ್ರ ಅಚ್ಚು ಹಾಕಿದ್ದನ್ನು ಅಮ್ಮ ಈಗಲೂ ಹೇಳುತ್ತಾರೆ. ಸೀಸದ ಮೊಳೆಗಳನ್ನು ಕೇಸಿನಿಂದ ಒಂದೊಂದಾಗಿ ಹೆಕ್ಕಿ ಸ್ಟಿಕ್ಕಿನಲ್ಲಿ ಜೋಡಿಸುವ ಕೆಲಸ. ಕಣ್ಣು ಹಾಳು, ಬೆನ್ನು ಹಾಳು. ಆದರೆ ಆ ಮೊಳೆಗಳು ನಮ್ಮ ಸ್ವಂತದ್ದು. ಒಮ್ಮೆ ಕೊಂಡರೆ ಮುಗಿಯಿತು. ಸವೆದರೆ ಕರಗಿಸಿ ಮತ್ತೆ ಎರಕ ಹೊಯ್ಯಿಸಬಹುದಿತ್ತು. ಪಕ್ಕದ ಪ್ರೆಸ್ಸಿನವರು 'ಳ' ಸಾಲದೆ ಬಂದರೆ ಅಪ್ಪ ಒಂದು ಹಿಡಿ ಕೊಟ್ಟು ಕಳಿಸುತ್ತಿದ್ದರು. ಮೊಳೆ ಎರೆದವನು ಬಂದು 'ನನ್ನ ಅಪ್ಪಣೆಯಿಲ್ಲದೆ ಈ ಅಕ್ಷರ ಜೋಡಿಸಬೇಡ' ಅಂದದ್ದಿಲ್ಲ.

ಕಂಪ್ಯೂಟರ್ ಬಂತು. ಅಕ್ಷರಕ್ಕೆ ಬೀಗವೂ ಬಂತು.

ಒಂದು ಪುಸ್ತಕ ಸತ್ತು ಬದುಕಿದ ಕಥೆ

2003ರಲ್ಲಿ ಬಸವೇಶ್ವರನಗರದ ನಿವೃತ್ತ ಮೇಷ್ಟ್ರೊಬ್ಬರು ನಮ್ಮಲ್ಲಿಗೆ ಬಂದರು. ಮಾಗಡಿ ಕಡೆಯ ತಮ್ಮ ಊರಿನ ಮುದುಕಿಯರ ಬಾಯಿಂದ ಮೂವತ್ತು ವರ್ಷ ಬರೆದಿಟ್ಟುಕೊಂಡ ಸೋಬಾನೆ ಪದ, ಒಗಟು, ಗಾದೆ. ಪುಸ್ತಕ ಮಾಡಿದೆವು. 280 ಪುಟ, 500 ಪ್ರತಿ. ಅವರ ನಿವೃತ್ತಿ ದುಡ್ಡಿನಲ್ಲಿ ಒಂದು ಪಾಲು ಅದಕ್ಕೇ ಹೋಯಿತು. ಪುಟಗಳನ್ನೆಲ್ಲ ಸಿಡಿಗೆ ತುಂಬಿಸಿ, 'ಮೇಷ್ಟ್ರೇ, ಇನ್ನು ನೂರು ವರ್ಷ ಭಯವಿಲ್ಲ' ಅಂದೆ.

ಇಪ್ಪತ್ತು ವರ್ಷವೂ ಉಳಿಯಲಿಲ್ಲ. ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮಗಳು ಬಂದು ಮರುಮುದ್ರಣ ಮಾಡಿಕೊಡಿ ಅಂದರು. ಮನೆಯಲ್ಲಿ ಉಳಿದಿದ್ದ ಒಂದೇ ಪ್ರತಿಗೆ ಗೆದ್ದಲು ಹಿಡಿದಿತ್ತು. ಸಿಡಿ ತೆರೆದೆ. ತೆರೆದುಕೊಂಡಿತು. ಆದರೆ ಪರದೆಯ ಮೇಲೆ ಕನ್ನಡವಿಲ್ಲ! ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಆ ಕಾಲದ ಫಾಂಟು ಕೆಲಸ ಮಾಡಬೇಕಾದರೆ ಕಂಪ್ಯೂಟರಿನ ಹಿಂದೆ ಒಂದು ಲಾಕ್ ಚುಚ್ಚಬೇಕಿತ್ತು. ಆ ಲಾಕ್ ಕೆಟ್ಟು ಎಷ್ಟೋ ವರ್ಷ. ಮಾರಿದ ಕಂಪನಿಯೇ ಈಗಿಲ್ಲ. ಮೇಷ್ಟ್ರ ಮೂವತ್ತು ವರ್ಷದ ಕೆಲಸ ನನ್ನ ಕಣ್ಣೆದುರಿಗಿದೆ, ಓದಲು ಬರುವುದಿಲ್ಲ. ಆ ಹೆಣ್ಣುಮಗಳ ಮುಖ ನೋಡಲಾಗದೆ ತಲೆ ತಗ್ಗಿಸಿದೆ.

ಏಕೆ ಹೀಗಾಯಿತು? ಆಗಿನ ಕನ್ನಡ ಫಾಂಟುಗಳು ನಿಜವಾಗಿ ಕನ್ನಡವನ್ನು ಉಳಿಸುತ್ತಿರಲಿಲ್ಲ. ಇಂಗ್ಲಿಷಿನ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಚ್ಚಿಡುತ್ತಿದ್ದವು. ತಲೆಕಟ್ಟು ಒಂದು ಮನೆಯಲ್ಲಿ, ಕೊಂಬು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಯಾವ ತುಂಡು ಯಾವ ಮನೆಯಲ್ಲಿ ಎಂಬುದು ಕಂಪನಿಗೊಂದು ಲೆಕ್ಕ. ಒಬ್ಬರ ಫಾಂಟಿನಲ್ಲಿ ಕೂರಿಸಿದ್ದು ಇನ್ನೊಬ್ಬರದ್ದರಲ್ಲಿ ಕಸ. ನಾವು ಪ್ರೆಸ್ಸಿನವರು ಇಪ್ಪತ್ತು ವರ್ಷ ಕನ್ನಡವನ್ನು ಹೀಗೆ ಬಾಡಿಗೆ ಮನೆಯಲ್ಲಿಟ್ಟೆವು. ಮಾಲೀಕ ಬೀಗ ಹಾಕಿಕೊಂಡು ಹೋದಾಗ ಬುದ್ಧಿ ಬಂತು.

ನಾನೇನು ಸಾಚಾ ಅಲ್ಲ. ಪುಟ ಕಟ್ಟುವ ತಂತ್ರಾಂಶಕ್ಕೆ ದುಡ್ಡಿಲ್ಲದೆ ರಸ್ತೆ ಬದಿಯ ನೂರು ರೂಪಾಯಿ ಸಿಡಿ ತಂದು ವರ್ಷಗಟ್ಟಲೆ ನಡೆಸಿದವನೇ. ಬೀಗ ಹಾಕಿದ ಸರಕು ಇಲ್ಲದವನನ್ನು ಕಳ್ಳನನ್ನಾಗಿ ಮಾಡುತ್ತದೆ. ಇದು ಸ್ವಂತ ಅನುಭವದ ಮಾತು.

ಸಿ ಕಲಿತ ಹುಡುಗ

ನಮ್ಮ ರಸ್ತೆಯಲ್ಲಿ ಬಾಡಿಗೆಗಿರುವ ಹುಡುಗನೊಬ್ಬ ದಿನಾ ಮೆಟ್ರೋದಲ್ಲಿ ವೈಟ್‌ಫೀಲ್ಡಿಗೆ ಹೋಗಿ ಬರುತ್ತಾನೆ. ತನ್ನ ಸಂಘದ ಕರಪತ್ರಕ್ಕೆಂದು ಬಂದವನು ನನ್ನ ಗೋಳು ಕೇಳಿ, 'ಅಂಕಲ್, ಆ ಫಾಂಟಿನ ತುಂಡುಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಡಿ. ಯಾವುದು ಏನು ಅಂತ ನಿಮಗೇ ಗೊತ್ತಿರೋದು' ಅಂದ. ಮೂರು ಭಾನುವಾರ ಕೂತೆವು. ನಾನು ಮೊಳೆ ಗುರುತಿಸುವುದು, ಅವನು ಸಿ ಭಾಷೆಯಲ್ಲಿ ಬರೆಯುವುದು.

ಸಿ ಎಂದರೆ ನಿಮ್ಮಲ್ಲಿ ಕಾಲೇಜಿನವರಿಗೆ ಪರೀಕ್ಷೆಯ ಪೇಪರ್ ನೆನಪಾಗಬಹುದು. 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಕಟ್ಟಿದ ಭಾಷೆ ಅದು. ಅರ್ಧ ಶತಮಾನ ಕಳೆದರೂ ಜಗತ್ತಿನ ಕಂಪ್ಯೂಟರುಗಳ ತಳಪಾಯದಲ್ಲಿ ಅದೇ ಕೂತಿದೆ. ಮತ್ತೆ ಮತ್ತೆ ಬೇಕಾಗುವ ಕೆಲಸಗಳನ್ನು ಒಮ್ಮೆ ಸರಿಯಾಗಿ ಬರೆದು ಒಂದು ಕಟ್ಟಿನಲ್ಲಿಟ್ಟರೆ ಅದಕ್ಕೆ ಲೈಬ್ರರಿ ಎನ್ನುತ್ತಾರೆ. ನಮ್ಮ ಮೊಳೆ ಕೇಸ್ ಇದ್ದ ಹಾಗೆ. ಬೇಕಾದವರು ಬೇಕಾದ ಮನೆಯಿಂದ ಎತ್ತಿಕೊಂಡು ಜೋಡಿಸುವುದು.

ಆ ಹುಡುಗ ನನಗೊಂದು ತಮಾಷೆ ತೋರಿಸಿದ. ಪದದ ಉದ್ದ ಅಳೆಯಲು ಸಿ ಭಾಷೆಯಲ್ಲಿ ಒಂದು ಹಳೆಯ ಅಳತೆಗೋಲಿದೆ. ಅದಕ್ಕೆ 'ಕನ್ನಡ' ಎಂದು ಕೊಟ್ಟು ಎಷ್ಟಕ್ಷರ ಎಂದು ಕೇಳಿದರೆ 15 ಎನ್ನುತ್ತದೆ! ಒಂದನೇ ಕ್ಲಾಸಿನ ಮಗು ಮೂರು ಎನ್ನುತ್ತದೆ. ಕಾರಣ ಇದು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ, 1991ರ ಮೊದಲ ಆವೃತ್ತಿಯಿಂದಲೇ, ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ಇದೆ. ಅಲ್ಲಿ 'ಕನ್ನಡ' ಎಂದರೆ ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತ. ಇವತ್ತು ಎಲ್ಲೆಡೆ ಬಳಕೆಯಲ್ಲಿರುವ ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟು. ಐದು ಮೂರಲಿ ಹದಿನೈದು. ಯಂತ್ರ ಎಣಿಸಿದ್ದು ಬೈಟನ್ನು, ಅಕ್ಷರವನ್ನಲ್ಲ. ರಸೀದಿಗಳಲ್ಲಿ ಹೆಸರು ಅರ್ಧಕ್ಕೆ ತುಂಡಾಗಿ ಕೊನೆಯಲ್ಲಿ ಒಂಟಿ ಚಿಹ್ನೆ ನೇತಾಡುವುದನ್ನು ನೋಡಿದ್ದೀರಲ್ಲ? ಕನ್ನಡದ ಲೆಕ್ಕ ಗೊತ್ತಿಲ್ಲದ ಅಳತೆಗೋಲು ಹಿಡಿದು ಕತ್ತರಿಸಿದರೆ ಹಾಗೇ ಆಗುವುದು. ಕನ್ನಡದಲ್ಲಿ ಎಣಿಸುವ ಅಳತೆಗೋಲನ್ನು ಕನ್ನಡ ಬಲ್ಲವನೇ ಬರೆಯಬೇಕು.

ಹಳೆಯ ಫಾಂಟಿನಿಂದ ಯೂನಿಕೋಡಿಗೆ ತರುವುದೂ ಬರೀ ಮನೆ ಬದಲಾಯಿಸುವ ಕೆಲಸವಲ್ಲ. ಹಳೆಯದು ಕಣ್ಣಿಗೆ ಕಾಣುವ ಕ್ರಮ, ಹೊಸದು ಬಾಯಿ ಉಚ್ಚರಿಸುವ ಕ್ರಮ. 'ಅಕ್ಕಿ' ಎಂಬಲ್ಲಿ ಹಳೆಯ ಫಾಂಟು ಮೊದಲು 'ಕಿ' ಇಟ್ಟು ಆಮೇಲೆ ಕೆಳಗೆ ಒತ್ತು ಕೊಡುತ್ತದೆ. ಯೂನಿಕೋಡಿನಲ್ಲಿ ಒತ್ತು ಮುಗಿದ ಮೇಲೆ ಗುಡಿಸು. ಅರ್ಕಾವತ್ತು ಬಂದರಂತೂ ತಲೆನೋವು. ಬರೆಯುವಾಗ ಅದು ಅಕ್ಷರದ ಹಿಂದೆ, ನುಡಿಯುವಾಗ ಮುಂದೆ. ಹುಡುಗನ ಮೊದಲ ಆವೃತ್ತಿಯಲ್ಲಿ 'ದೀರ್ಘ' ಹೋಗಿ 'ದೀಘರ್' ಆಯಿತು, 'ಸಾಮರ್ಥ್ಯ' ಹೋಗಿ 'ಸಾಮಥ್ರ್ಯ' ಆಯಿತು. ನಗಬೇಡಿ. ಈ ತಪ್ಪನ್ನು ನೀವು ಹಲವು ಕಡೆ ಓದಿ ಸುಮ್ಮನಿದ್ದೀರಿ! ಒಂದೊಂದೇ ತಪ್ಪನ್ನು ನಾನು ಪ್ರೂಫಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿದೆ, ಅವನು ತಿದ್ದಿದ. ಎರಡನೆಯ ಆವೃತ್ತಿಯಲ್ಲಿ ಮೇಷ್ಟ್ರ 280 ಪುಟವೂ ಎದ್ದು ಕೂತವು. ನೂರು ಪ್ರತಿ ಅಚ್ಚು ಹಾಕಿ ಅವರ ಮಗಳಿಗೆ ಕೊಟ್ಟೆ. ಆ ದಿನ ಕೂಲಿ ತೆಗೆದುಕೊಳ್ಳಲು ಕೈ ಬರಲಿಲ್ಲ.

'ಇದನ್ನು ಮಾರು ಮಾರಾಯ. ಪ್ರತಿ ಪ್ರೆಸ್ಸಿನವನೂ ಐದು ಸಾವಿರ ಕೊಡ್ತಾನೆ' ಅಂದೆ. ಅವನು ಒಪ್ಪಲಿಲ್ಲ. ತಿದ್ದಿದ ಕಟ್ಟನ್ನು ಮೂಲಸಂಕೇತ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟ. 'ಅಂಕಲ್, ನಾನು ಬಳಸಿದ್ದೆಲ್ಲ ಯಾರೋ ಬಿಟ್ಟುಕೊಟ್ಟಿದ್ದು. ನನ್ನದೊಂದಕ್ಕೆ ಹೇಗೆ ಬೀಗ ಹಾಕಲಿ?' ಅಂದ.

ಆ 'ಯಾರೋ' ಯಾರು?

ಈ ಕಥೆ ಶುರುವಾಗುವುದೂ ನನ್ನಂಥವರ ಕಸುಬಿನಿಂದಲೇ, ಒಂದು ಪ್ರಿಂಟರಿನಿಂದ! 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ಜೆರಾಕ್ಸ್‌ನ ಹೊಸ ಲೇಸರ್ ಪ್ರಿಂಟರಿನಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬಾತ ಅದರ ಮೂಲಸಂಕೇತ ಕೊಡಿ, ಸರಿಪಡಿಸುತ್ತೇನೆ ಎಂದು ಕೇಳಿದ. ಕೊಡುವುದಿಲ್ಲ ಎಂದು ಸಹಿ ಹಾಕಿದ್ದೇವೆ ಎಂಬ ಉತ್ತರ ಬಂತು. ಆತ ಸುಮ್ಮನಾಗಲಿಲ್ಲ. 1983ರಲ್ಲಿ ಗ್ನೂ ಎಂಬ ಯೋಜನೆ ಸಾರಿದ. 1987ರಲ್ಲಿ ಸಿ ಭಾಷೆಯನ್ನು ಯಂತ್ರಭಾಷೆಗೆ ಇಳಿಸುವ ಜಿಸಿಸಿ ಹೊರಬಂತು. ನಮ್ಮ ಹುಡುಗ ಬಳಸಿದ್ದು ಅದನ್ನೇ. ಗ್ನೂ ಸಿ ಲೈಬ್ರರಿ ಎಂಬ ಮೂಲಕಟ್ಟಿದೆ. ವರ್ಷಕ್ಕೆರಡು ಬಾರಿ ತಿದ್ದಿ ಹೊರಬಿಡುತ್ತಾರೆ. ಅದರೊಳಗೆ ಕರ್ನಾಟಕದ ಕನ್ನಡಕ್ಕೆಂದೇ ಒಂದು ಕಡತವಿದೆ, ನಮ್ಮ ವಾರ, ತಿಂಗಳುಗಳ ಹೆಸರಿನ ಸಮೇತ. ತುಳುವಿಗೂ ಇದೆ. ಅದರಲ್ಲಿ ತಪ್ಪು ಕಂಡರೆ ನೀವೇ ತಿದ್ದಿ ಕಳಿಸಬಹುದು. ಯಾವ ಮಂತ್ರಿಯ ಮನೆ ಬಾಗಿಲಿಗೂ ಹೋಗಬೇಕಿಲ್ಲ!

ಅಕ್ಷರದ ಗೆರೆಯನ್ನು ಪರದೆಯ ಮೇಲೆ ಮೂಡಿಸುವ ಫ್ರೀಟೈಪ್ ಎಂಬ ಸಿ ಲೈಬ್ರರಿಯನ್ನು 1996ರಲ್ಲಿ ಡೇವಿಡ್ ಟರ್ನರ್ ಶುರು ಮಾಡಿದರು. ಒತ್ತು, ಗುಣಿತ, ಅರ್ಕಾವತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಹಾರ್ಫ್‌ಬಜ್ ಎಂಬ ಇನ್ನೊಂದು ಕಟ್ಟು. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಸಿ ಭಾಷೆಯಿಂದಲೂ ಕರೆಯಬಹುದು. ಬೆಳೆಸಿದವರು ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಇಸ್ಫಾಹ್‌ಬೋದ್. ತನ್ನ ಪಾರ್ಸಿ ಲಿಪಿ ಸರಿಯಾಗಿ ಮೂಡಬೇಕೆಂದು ಹೊರಟ ಮನುಷ್ಯ ಕನ್ನಡವನ್ನೂ ಕೈಬಿಡಲಿಲ್ಲ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ 'ಸ್ತ್ರೀ' ಎಂದು ಬರೆದಾಗ ಆರು ಸಂಕೇತ ಕೂಡಿ ಒಂದೇ ಅಕ್ಷರವಾಗುವುದು ಇದರಿಂದಲೇ. 2015ರಲ್ಲಿ ಅದರ 1.0 ಬಂತು, 2024ರಲ್ಲಿ 10.0. ಪುಟ ಕಟ್ಟುವ ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶವೂ ಇದನ್ನು ಒಳಗೆ ತೆಗೆದುಕೊಂಡಿತು. 2024ರ ಜನವರಿಯಲ್ಲಿ ಬಂದ ಅದರ 1.6ರಲ್ಲಿ ನಾನೀಗ ಲಗ್ನಪತ್ರಿಕೆ ಕಟ್ಟುತ್ತಿದ್ದೇನೆ. ಕಳ್ಳಪ್ರತಿ ಇಲ್ಲ, ಎದೆ ಡವಡವ ಇಲ್ಲ.

ಎಲ್ಲಿಯ ಇರಾನ್, ಎಲ್ಲಿಯ ಮಾಗಡಿ ಸೋಬಾನೆ ಪದ! ಯಾರೋ ಕೊಟ್ಟರು, ನಾವು ಉಂಡೆವು. ನಾವು ಕೊಟ್ಟದ್ದೆಷ್ಟು?

ನಮ್ಮಲ್ಲೂ ಕೊಟ್ಟವರಿದ್ದಾರೆ

ಕೊಟ್ಟವರೇ ಇಲ್ಲ ಎಂದರೆ ಪಾಪ ಬಂದೀತು. ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡದ ಕೀಲಿಮಣೆ ಜೋಡಿಸಿದರು. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ'. ಐದು ಕೀಲಿ, ಯೂನಿಕೋಡಿನ ಲೆಕ್ಕದಲ್ಲೂ ಐದೇ ಸಂಕೇತ! ಎಂಥ ಮುಂಗಾಣ್ಕೆ ನೋಡಿ. ಆ ವಿನ್ಯಾಸಕ್ಕೆ ಅವರು ಬೀಗ ಹಾಕಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ನಡೆಯುತ್ತಿರುವುದು ಅದೇ ದಾರಿ. ನನ್ನ ಪ್ರೆಸ್ಸಿನ ಹೆಣ್ಣುಮಕ್ಕಳ ಬೆರಳಿನಲ್ಲಿರುವುದೂ ಅದೇ. 1998ರಲ್ಲಿ ಶೇಷಾದ್ರಿವಾಸು ಬರಹ ತಂತ್ರಾಂಶವನ್ನು ಹೊರತಂದು ವರ್ಷಗಳ ಕಾಲ ಕಾಸಿಲ್ಲದೆ ಹಂಚಿದರು. ಸಾವಿರಾರು ಮನೆಗಳಲ್ಲಿ ಕನ್ನಡ ಟೈಪಾಗಿದ್ದು ಅದರಿಂದ. ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮೊದಲು ಕನ್ನಡ ತಂತ್ರಾಂಶದ ಬಗ್ಗೆ ನಮ್ಮನ್ನು ಎಚ್ಚರಿಸುತ್ತಲೇ ಇದ್ದರು. ಅರವಿಂದ ವಿ.ಕೆ. ಅವರು ಗುಬ್ಬಿ, ನವಿಲು ಎಂಬ ಫಾಂಟುಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟರು. ಸಂಚಯ ಬಳಗದವರು ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ವಚನಗಳನ್ನು ಪದ ಹಾಕಿ ಹುಡುಕುವಂತೆ ಮಾಡಿಟ್ಟರು. ಬಸವಣ್ಣನ ಹೆಸರಿನ ಬಡಾವಣೆಯಲ್ಲಿರುವ ನಮಗೆ ಇದು ಗೊತ್ತಿರದಿದ್ದರೆ ನಾಚಿಕೆ.

ಇವರೆಲ್ಲ ಬೆರಳೆಣಿಕೆಯ ಮಂದಿ. ಮನೆ ಕೆಲಸ ಮುಗಿಸಿ, ನಿದ್ದೆಗೆಟ್ಟು ಮಾಡಿದವರು. ಕೋಟ್ಯಂತರ ಕನ್ನಡಿಗರ ಭಾಷೆಯ ಭಾರವನ್ನು ಇಷ್ಟೇ ಹೆಗಲು ಹೊರಬೇಕೆ?

ಬಿಟ್ಟಿ ಬೇರೆ, ಬಿಡುಗಡೆ ಬೇರೆ

ಇಲ್ಲೊಂದು ಮಾತು ಮನದಟ್ಟಾಗಬೇಕು. ಕಾಸಿಲ್ಲದೆ ಸಿಕ್ಕಿದ್ದೆಲ್ಲ ಮುಕ್ತವಲ್ಲ. ಬಿಟ್ಟಿ ಕೊಟ್ಟವರು ನಾಳೆ ಬೆಲೆ ಕಟ್ಟಬಹುದು. ಅದು ಅವರ ಹಕ್ಕು, ತಪ್ಪೇನಿಲ್ಲ. ಬೇಸತ್ತು ನಿಲ್ಲಿಸಬಹುದು. ತೀರಿಯೂ ಹೋಗಬಹುದು. ಆಗ ಒಳಗೇನಿದೆ ಎಂದು ನಮಗೆ ತಿಳಿಯದಿದ್ದರೆ ಮುಂದುವರಿಸುವುದು ಹೇಗೆ? ಮುಕ್ತ ಎಂದರೆ ನಾಲ್ಕು ಹಕ್ಕು: ಬಳಸುವ ಹಕ್ಕು, ಒಳಗೆ ನೋಡಿ ಕಲಿಯುವ ಹಕ್ಕು, ತಿದ್ದುವ ಹಕ್ಕು, ಹಂಚುವ ಹಕ್ಕು. ಬರೆದವನು ಸತ್ತರೂ ಬರೆದದ್ದು ಸಾಯದಂತೆ ಕಾಯುವುದು ಈ ನಾಲ್ಕು. ನಮ್ಮಪ್ಪನ ಮೊಳೆ ಕೇಸಿಗೆ ಇದ್ದದ್ದೂ ಇವೇ. ಅದು ಗೊತ್ತಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

'ಇದರಿಂದ ಹೊಟ್ಟೆ ತುಂಬುತ್ತದೆಯೇ?' ಎಂದು ಕೇಳುವವರಿದ್ದಾರೆ. ನಾನೂ ಕೇಳಿದ್ದೆನಲ್ಲ! ಲೈಬ್ರರಿ ಬಿಟ್ಟುಕೊಟ್ಟ ಮೇಲೂ ಆ ಹುಡುಗನ ಸಂಬಳ ಒಂದು ರೂಪಾಯಿ ಕಡಿಮೆಯಾಗಿಲ್ಲ. ನನಗೆ ಮಾತ್ರ ಹಳೆಯ ಪುಸ್ತಕಗಳ ಮರುಮುದ್ರಣದ ಹೊಸ ಕೆಲಸ ಬಂತು. ಸೀಸದ ಮೊಳೆ ಪಕ್ಕದವನಿಗೆ ಕೊಟ್ಟರೆ ನಮ್ಮ ಕೇಸಿನಲ್ಲಿ ಕಡಿಮೆಯಾಗುತ್ತಿತ್ತು. ಸಿ ಭಾಷೆಯ ಮೊಳೆ ಎಷ್ಟು ಜನಕ್ಕೆ ಕೊಟ್ಟರೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವ ಕಾಲದಲ್ಲೇ ಕೊಟ್ಟವರ ಮಕ್ಕಳು ನಾವು, ಈಗ ಕೈ ಮುಚ್ಚಿಕೊಳ್ಳುವುದೆ?

ಇನ್ನು ನಿಮ್ಮ ಸರದಿ

ಸಿ ಬಲ್ಲ ಗೆಳೆಯರೇ, ವಾರವೆಲ್ಲ ಪರದೇಶದ ಕಂಪನಿಗೆ ಬರೆಯುತ್ತೀರಿ. ಬರೆಯಿರಿ, ಮನೆ ನಡೆಯಬೇಕು. ತಿಂಗಳಿಗೆ ಒಂದು ಭಾನುವಾರ ಕನ್ನಡಕ್ಕೆ ಕೊಡಿ. ಅಕ್ಷರ ಎಣಿಸುವ, ಅಕಾರಾದಿ ಜೋಡಿಸುವ, ಸಾಲು ಮುರಿಯುವ, ಹಳೆಯ ಫಾಂಟು ಬದಲಿಸುವ ಹತ್ತು ಸಾಲು ಬರೆದು ಹೊರಗಿಡಿ. ಹೇಗೆ ಬಳಸಬೇಕೆಂಬ ವಿವರವನ್ನು ಕನ್ನಡದಲ್ಲೇ ಬರೆಯಿರಿ.

ಸಿ ಬಾರದವರೇ, ನಿಮಗೂ ಕೆಲಸವಿದೆ. 'ರ‍್ಯಾಲಿ' ಎಂದು ಬರೆದಾಗ ಅದು 'ರ್ಯಾಲಿ' ಎಂದು ಅರ್ಕಾವತ್ತಾಗಿ ಕಂಡರೆ 'ಅಡ್ಜಸ್ಟ್ ಮಾಡಿಕೊಳ್ಳೋಣ' ಎಂದು ಸುಮ್ಮನಿರಬೇಡಿ. ಯಾವ ಪದ, ಯಾವ ಫೋನು, ಹೇಗೆ ಕಂಡಿತು ಎಂದು ಮಾಡಿದವರಿಗೆ ಬರೆಯಿರಿ. ತಪ್ಪು ತೋರಿಸುವವನಿಲ್ಲದೆ ಎರಡನೆಯ ಆವೃತ್ತಿ ಹುಟ್ಟುವುದಿಲ್ಲ. ಪಿಯುಸಿ ಓದಿದ ನಾನು ಕೆಂಪು ಶಾಯಿ ಹಿಡಿದು ಮಾಡಿದ್ದು ಇಷ್ಟೇ.

ಪ್ರೆಸ್ಸಿನ ಬಂಧುಗಳೇ, ನಿಮ್ಮ ಅಟ್ಟದ ಮೇಲಿನ ಸಿಡಿಗಳನ್ನು ಇವತ್ತೇ ಇಳಿಸಿ. ಅದರಲ್ಲಿ ಎಷ್ಟು ಮೇಷ್ಟ್ರುಗಳ ಆಯುಷ್ಯವಿದೆಯೋ! ಬರಹಗಾರರೇ, ಪುಸ್ತಕ ಅಚ್ಚಾದ ದಿನವೇ ಯೂನಿಕೋಡ್ ಪ್ರತಿಯೊಂದನ್ನು ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.

ಸಂಘಟನೆಯ ಗೆಳೆಯರೇ, ಮುಂದಿನ ಮನವಿ ಪತ್ರದಲ್ಲಿ ಒಂದು ಸಾಲು ಸೇರಿಸಿ. ಜನರ ತೆರಿಗೆ ದುಡ್ಡಿನಲ್ಲಿ ಆಗುವ ಪ್ರತಿಯೊಂದು ಕನ್ನಡ ತಂತ್ರಾಂಶದ, ಪ್ರತಿಯೊಂದು ಫಾಂಟಿನ ಮೂಲಸಂಕೇತ ಜನರ ಕೈಗೆ ಬರಬೇಕು. ನಮ್ಮ ದುಡ್ಡು, ನಮ್ಮ ಭಾಷೆ, ಬೀಗದ ಕೈ ಮಾತ್ರ ಇನ್ನೊಬ್ಬರದ್ದೆ?

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಬೋರ್ಡಿಗಾಗಿ ನಡೆದ ಹೋರಾಟ ನಡೆಯಲಿ. ಆದರೆ ಬೋರ್ಡಿನ ಹಿಂದಿರುವ ಯಂತ್ರ ಕನ್ನಡವನ್ನು ಮೂರೆಂದು ಎಣಿಸುತ್ತದೋ ಹದಿನೈದೆಂದು ಎಣಿಸುತ್ತದೋ, ಅದನ್ನೂ ನಾವೇ ನೋಡಿಕೊಳ್ಳಬೇಕು. ನಮ್ಮ ಹುಡುಗನ ಕಟ್ಟು ನನ್ನ ಪ್ರೆಸ್ಸಿನಲ್ಲಿದೆ. ಪೆನ್‌ಡ್ರೈವ್ ತನ್ನಿ, ತುಂಬಿಕೊಂಡು ಹೋಗಿ. ಕಾಸು ಬೇಡ. ತಪ್ಪು ಕಂಡರೆ ಹಿಂತಿರುಗಿ ಬನ್ನಿ. ಮೂರನೆಯ ಆವೃತ್ತಿ ನಿಮ್ಮ ಕೈಯಿಂದ ಆಗಲಿ.

ಸಿರಿಗನ್ನಡಂ ಗೆಲ್ಗೆ!